ಐಮರ್ಗ್ ಮಳೆ ಡೇಟಾ: ಅರ್ಧ ಗಂಟೆಗೊಂದು ಅಂಕಿ, ಅದರಲ್ಲಿ ಕಂಡದ್ದೆಷ್ಟು, ತುಂಬಿದ್ದೆಷ್ಟು?

ಭೂಪಟದ ಮೇಲೆ ಎಲ್ಲಿ ಬೆರಳಿಟ್ಟರೂ, ಯಾವ ದಿನದ ಯಾವ ಅರ್ಧ ಗಂಟೆಯನ್ನು ಕೇಳಿದರೂ, ಅಲ್ಲಿ ಎಷ್ಟು ಮಳೆ ಬಿತ್ತು ಎಂದು ಹೇಳುವ ಡೇಟಾ ಪುಕ್ಕಟೆ ಸಿಗುತ್ತದೆ. ನಾಸಾದ ಐಮರ್ಗ್ ಮಾಡುವುದು ಇದನ್ನೇ. ಅಡ್ಡಕ್ಕೆ 3,600, ಉದ್ದಕ್ಕೆ 1,800 ಚೌಕ; ಒಂದು ಫೈಲಿನಲ್ಲಿ 64.8 ಲಕ್ಷ ಅಂಕಿ, ದಿನಕ್ಕೆ 48 ಫೈಲು. ಈಗಿನ ಏಳನೇ ಆವೃತ್ತಿಯಲ್ಲಿ ದಾಖಲೆ 1998ರ ಜನವರಿಯಿಂದಲೇ ಶುರು. ಸಮುದ್ರದ ನಡುವೆ, ಮರುಭೂಮಿಯಲ್ಲಿ, ಮಳೆಮಾಪಕ ಇಡಲು ಯಾರೂ ಹೋಗದ ಬೆಟ್ಟಗಳ ಮೇಲೂ ಅಂಕಿ ಇದೆ. ಆದರೆ ಆ ಅಂಕಿ ಅಲ್ಲಿ ಬಂದದ್ದು ಹೇಗೆ ಎಂಬುದು ಒಂದೊಂದು ಚೌಕಕ್ಕೂ ಬೇರೆ ಬೇರೆ. ಒಂದು ಚೌಕದಲ್ಲಿ ಉಪಗ್ರಹ ಮಳೆಯನ್ನು ನಿಜಕ್ಕೂ ಕಂಡಿರುತ್ತದೆ. ಪಕ್ಕದ್ದರಲ್ಲಿ ಎರಡು ಗಂಟೆ ಹಿಂದೆ ಕಂಡದ್ದನ್ನು ಗಾಳಿಯ ದಿಕ್ಕಿಗೆ ಸರಿಸಿ ಇಟ್ಟಿರುತ್ತಾರೆ. ಇನ್ನೊಂದರಲ್ಲಿ ಮೋಡದ ತುದಿ ಎಷ್ಟು ತಣ್ಣಗಿದೆ ಎಂಬುದರಿಂದ ಅಂದಾಜು ಮಾಡಿರುತ್ತಾರೆ. ಬಣ್ಣ ಹಚ್ಚಿದ ನಕ್ಷೆಯಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಈ ಡೇಟಾದಲ್ಲಿ ನಿಜಕ್ಕೂ ಬೆಲೆಬಾಳುವುದು ಮಳೆಯ ಅಂಕಿಯಲ್ಲ, ಅದೇ ಫೈಲಿನಲ್ಲಿ ಅದರ ಜೊತೆಗೆ ಕೂತಿರುವ, ಹೆಚ್ಚಿನವರು ತೆರೆದೂ ನೋಡದ ನಾಲ್ಕೈದು ವೇರಿಯಬಲ್‌ಗಳು.

ಅಡಿಪಾಯ ಗಟ್ಟಿಯಾಗಿದೆ. ನಾಸಾ ಮತ್ತು ಜಪಾನಿನ ಜಾಕ್ಸಾ ಸೇರಿ 2014ರ ಫೆಬ್ರವರಿಯಲ್ಲಿ ತಾನೆಗಾಶಿಮಾದಿಂದ ಹಾರಿಸಿದ, ಜಗತ್ತಿನ ಮಳೆ ಅಳೆಯುವ ಜಿಪಿಎಂ ಯೋಜನೆಯ ಮುಖ್ಯ ಉಪಗ್ರಹದಲ್ಲಿ ಎರಡು ಉಪಕರಣಗಳಿವೆ. ಒಂದು 13.6 ಮತ್ತು 35.5 ಗಿಗಾಹರ್ಟ್ಜ್‌ನ ಜೋಡಿ ರಾಡಾರ್. ಇದು ಮಳೆಯನ್ನು ಪದರ ಪದರವಾಗಿ, ಸುಮಾರು 5 ಕಿ.ಮೀ. ಅಗಲದ ಚುಕ್ಕೆಗಳಲ್ಲಿ ನೋಡುತ್ತದೆ. ಎರಡು ಆವರ್ತನಗಳಲ್ಲಿ ಬರುವ ಮಾರ್ದನಿಯ ವ್ಯತ್ಯಾಸದಿಂದ ಹನಿಯ ಗಾತ್ರ ತಿಳಿಯುತ್ತದೆ, ಗಾತ್ರ ತಿಳಿದರೆ ಮಳೆಯ ಪ್ರಮಾಣದ ಲೆಕ್ಕ ಬಿಗಿಯಾಗುತ್ತದೆ. ಇನ್ನೊಂದು 10ರಿಂದ 183 ಗಿಗಾಹರ್ಟ್ಜ್‌ವರೆಗಿನ 13 ಚಾನೆಲ್‌ಗಳ ಮೈಕ್ರೋವೇವ್ ರೇಡಿಯೋಮೀಟರ್ (ನೆಲದಿಂದ, ಮಳೆಯಿಂದ ತಾನಾಗಿ ಬರುವ ಅಲೆಗಳನ್ನು ಅಳೆಯುವ ಉಪಕರಣ), ಹೆಸರು ಜಿಎಂಐ, 1.2 ಮೀಟರ್ ಅಗಲದ ಇದರ ಆಂಟೆನಾ ನಿಮಿಷಕ್ಕೆ 32 ಸುತ್ತು ತಿರುಗುತ್ತದೆ. ಆದರೆ ರಾಡಾರ್ ಕಾಣುವ ಪಟ್ಟಿಯ ಅಗಲ ಬರೀ 250 ಕಿ.ಮೀ. ಆಸುಪಾಸು. ಇಷ್ಟರಿಂದ ಜಗತ್ತಿನ ಮಳೆ ಅಳೆಯಲು ಆಗದು. ಈ ಉಪಗ್ರಹ ಇರುವುದು ಅಳತೆಗೋಲಾಗಿ. 65 ಡಿಗ್ರಿ ಓರೆಯ ಕಕ್ಷೆಯಲ್ಲಿ ಸುತ್ತುತ್ತಾ ಬೇರೆ ಬೇರೆ ಸಂಸ್ಥೆಗಳ ಉಪಗ್ರಹಗಳ ಹಾದಿಯನ್ನು ಪದೇಪದೇ ಅಡ್ಡ ಹಾಯುತ್ತದೆ. ಒಂದೇ ಮಳೆಯನ್ನು ಇಬ್ಬರೂ ನೋಡಿದಾಗ ಸಿಗುವ ವ್ಯತ್ಯಾಸ ಹಿಡಿದು ಉಳಿದವರ ಅಂಕಿಗಳನ್ನು ಇದರ ಮಟ್ಟಕ್ಕೆ ತರುತ್ತಾರೆ. 2014ಕ್ಕೆ ಮುಂಚೆ ಈ ಕೆಲಸ 1997ರಲ್ಲಿ ಹಾರಿದ ಟಿಆರ್‌ಎಂಎಂ ಎಂಬ ಮಳೆ ಉಪಗ್ರಹದ್ದಾಗಿತ್ತು. ಅದರ ಕಕ್ಷೆಯ ಓರೆ 35 ಡಿಗ್ರಿ ಮಾತ್ರ, ಹಾಗಾಗಿ ಹಳೆಯ ವರ್ಷಗಳ ಉತ್ತರ–ದಕ್ಷಿಣದ ಅಂಕಿಗಳಿಗೆ ಅಷ್ಟು ಒಳ್ಳೆಯ ಅಳತೆಗೋಲು ಇರಲಿಲ್ಲ. 1998ರಿಂದ ಇವತ್ತಿನವರೆಗೆ ಗೆರೆ ಎಳೆದು ಮಳೆ ಹೆಚ್ಚಿತೋ ಕಡಿಮೆಯಾಯಿತೋ ಎಂದು ತೀರ್ಪು ಕೊಡುವವರು ಇದನ್ನು ಮರೆಯುತ್ತಾರೆ. ಉಪಗ್ರಹಗಳ ಗುಂಪು ಬದಲಾದದ್ದೂ ಆ ಗೆರೆಯಲ್ಲಿ ಸೇರಿಕೊಂಡಿರುತ್ತದೆ.

ಮೈಕ್ರೋವೇವ್ ಉಪಗ್ರಹಗಳೆಲ್ಲ ಸೇರಿದರೂ ಒಂದೇ ಜಾಗದ ಮೇಲೆ ಪ್ರತಿ ಅರ್ಧ ಗಂಟೆಗೂ ಯಾರಾದರೊಬ್ಬರು ಹಾಯುವುದಿಲ್ಲ. ನಡುವೆ ಕೆಲವು ಗಂಟೆಗಳ ಖಾಲಿ ಬೀಳುತ್ತದೆ. ಅದನ್ನು ತುಂಬುವುದಕ್ಕೆ ಮಾರ್ಫಿಂಗ್ ಎನ್ನುತ್ತಾರೆ. ಹವಾಮಾನ ಮಾದರಿಯಲ್ಲಿ ನೀರಾವಿ ಯಾವ ಕಡೆ ಸಾಗುತ್ತಿದೆ ಎಂದು ನೋಡಿ, ಹಿಂದೆ ಕಂಡ ಮಳೆಯನ್ನು ಅದೇ ದಿಕ್ಕಿಗೆ ಸರಿಸುತ್ತಾರೆ. ಸರಿಸಿದ್ದು ಹಳತಾದಷ್ಟೂ ಅದರ ತೂಕ ಇಳಿಸಿ, ಭೂಸ್ಥಿರ ಉಪಗ್ರಹಗಳ ಇನ್‌ಫ್ರಾರೆಡ್ ಅಂದಾಜಿನ ತೂಕ ಏರಿಸುತ್ತಾರೆ. ಮಳೆ ಮೋಡ ಆ ಖಾಲಿಯಲ್ಲೇ ಹುಟ್ಟಿ ಅಲ್ಲೇ ಕರಗಿದರೆ ಮೈಕ್ರೋವೇವ್‌ಗೆ ಅದರ ಸುಳಿವೇ ಇರುವುದಿಲ್ಲ. ಒಂದು ಗಂಟೆ ಧೋ ಎಂದು ಸುರಿದು ನಿಲ್ಲುವ ಮಧ್ಯಾಹ್ನದ ಗುಡುಗು ಮಳೆಯಲ್ಲಿ ಆಗುವುದು ಇದೇ.

ಇದನ್ನು ಫೈಲಿನಲ್ಲೇ ಪತ್ತೆ ಹಚ್ಚಬಹುದು. ಏಳನೇ ಆವೃತ್ತಿಯ ಅರ್ಧ ಗಂಟೆಯ ಫೈಲಿನಲ್ಲಿ ಮುಖ್ಯ ವೇರಿಯಬಲ್‌ನ ಹೆಸರು ಪ್ರೆಸಿಪಿಟೇಶನ್. ಅದರ ಜೊತೆಗೆ ಮೈಕ್ರೋವೇವ್ ಮಳೆ, ಆ ಮಳೆಯನ್ನು ಕಂಡ ಉಪಕರಣದ ಸಂಖ್ಯೆ, ಕಂಡ ನಿಮಿಷ, ಇನ್‌ಫ್ರಾರೆಡ್‌ನ ಪಾಲು, ಗುಣಮಟ್ಟದ ಸೂಚ್ಯಂಕ ಇವೆಲ್ಲ ಇವೆ. ಉಪಕರಣದ ಸಂಖ್ಯೆ 9 ಎಂದರೆ ಜಿಎಂಐ, 11 ಎಂದರೆ ಹವಾಮಾನ ಉಪಗ್ರಹಗಳಲ್ಲಿರುವ ಎಟಿಎಂಎಸ್ ಎಂಬ ಉಪಕರಣ, 0 ಎಂದರೆ ಆ ಅರ್ಧ ಗಂಟೆಯಲ್ಲಿ ಯಾವ ಮೈಕ್ರೋವೇವ್ ಉಪಗ್ರಹವೂ ಹಾದಿಲ್ಲ. ಗುಣಮಟ್ಟದ ಸೂಚ್ಯಂಕ 0ರಿಂದ 1ರವರೆಗೆ ಇರುತ್ತದೆ: 0.6ಕ್ಕಿಂತ ಮೇಲಿದ್ದರೆ ನಂಬಬಹುದು, 0.4 ಮತ್ತು 0.6ರ ನಡುವೆ ಪರವಾಗಿಲ್ಲ, ಅದಕ್ಕಿಂತ ಕೆಳಗಿದ್ದರೆ ಹುಷಾರು. ಒಂದು ಬಿರುಮಳೆಯ ಘಟನೆಯನ್ನು ಅಭ್ಯಾಸ ಮಾಡುವಾಗ ಮಳೆಯ ಗ್ರಾಫ್‌ನ ಕೆಳಗೆ ಇದೇ ಸೂಚ್ಯಂಕದ ಗ್ರಾಫನ್ನೂ ಎಳೆಯಿರಿ. ಮಳೆಯ ಶಿಖರ ಸೂಚ್ಯಂಕ ಬಿದ್ದ ಹೊತ್ತಿನಲ್ಲೇ ಬಂದಿದ್ದರೆ ಆ ಶಿಖರದ ಎತ್ತರಕ್ಕೂ ಸಮಯಕ್ಕೂ ಹೆಚ್ಚು ಅರ್ಥ ಕಟ್ಟಬೇಡಿ. ತಿಂಗಳ ಫೈಲಿನಲ್ಲೂ ಇದೇ ಹೆಸರಿನ ಸೂಚ್ಯಂಕವಿದೆ. ಅಲ್ಲಿ ಅದರ ಅರ್ಥವೇ ಬೇರೆ: ಅಂದಾಜು ಎಷ್ಟು ಮಳೆಮಾಪಕಗಳಿಗೆ ಸಮ ಎಂಬ ಲೆಕ್ಕ. ಒಂದೇ ಹೆಸರಿಗೆ ಎರಡು ಅರ್ಥ ಕೊಟ್ಟದ್ದು ಬೇಡದ ತಲೆನೋವು.

ಇಳಿಸಿಕೊಳ್ಳುವ ಕೆಲಸದಲ್ಲಿ ಮೊದಲ ಸಲ ಒಂದು ಎಡವು ಗ್ಯಾರಂಟಿ. ನಾಸಾದ ಡೇಟಾ ತಾಣವಾದ ಅರ್ಥ್‌ಡೇಟಾದಲ್ಲಿ ಖಾತೆ ತೆರೆದರೆ ಸಾಲದು. ಅದೇ ಖಾತೆಯ ಒಳಗೆ ಹೋಗಿ, ಈ ಫೈಲುಗಳನ್ನು ಇಟ್ಟಿರುವ ಜಿಇಎಸ್ ಡಿಸ್ಕ್ ಭಂಡಾರಕ್ಕೆ ಬೇರೆಯಾಗಿ ಒಪ್ಪಿಗೆ ಕೊಡಬೇಕು. ಆಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ವಿವರ ಇಡುವ ನೆಟ್‌ಆರ್‌ಸಿ ಫೈಲಿನಲ್ಲಿ ಸರ್ವರ್ ಹೆಸರು, ಬಳಕೆದಾರರ ಹೆಸರು, ಪಾಸ್‌ವರ್ಡ್ ಬರೆದು, ಆ ಫೈಲನ್ನು ಬೇರೆಯವರು ಓದದಂತೆ ಅನುಮತಿ ಬಿಗಿ ಮಾಡಬೇಕು. ಇದರಲ್ಲಿ ಒಂದು ಹಂತ ತಪ್ಪಿದರೂ ಡೌನ್‌ಲೋಡ್ ನಿಲ್ಲುವುದಿಲ್ಲ, ಅದೇ ಫಜೀತಿ. ಲಾಗಿನ್ ಪುಟವೇ ಡೇಟಾ ಫೈಲಿನ ಹೆಸರಿನಲ್ಲಿ ಉಳಿದುಬಿಡುತ್ತದೆ. ರಾತ್ರಿಯಿಡೀ ಇಳಿಸಿದ ಸಾವಿರಾರು ಫೈಲುಗಳು ಬೆಳಿಗ್ಗೆ ನೋಡಿದರೆ ಕೆಲವೇ ಕಿಲೋಬೈಟ್. ಅದಕ್ಕೇ ಮೊದಲು ಒಂದೇ ಫೈಲು ಇಳಿಸಿ, ತೆರೆದು ನೋಡಿ, ಆಮೇಲೆ ಪಟ್ಟಿ ಓಡಿಸಿ. ಒಂದು ವರ್ಷಕ್ಕೆ 17,520 ಫೈಲು ಆಗುತ್ತವೆ. ಒಂದು ನದಿ ಪಾತ್ರದ ಡೇಟಾ ಮಾತ್ರ ಬೇಕಿದ್ದರೆ ಅಕ್ಷಾಂಶ–ರೇಖಾಂಶದ ಚೌಕಟ್ಟು ಕೊಟ್ಟು ಅಷ್ಟನ್ನೇ ಕತ್ತರಿಸಿ ತರುವ ಸೌಲಭ್ಯ ಅಲ್ಲೇ ಇದೆ. ಕೋಡ್ ಬರೆಯದೆ ಬರೀ ನೋಡಬೇಕಿದ್ದರೆ ನಾಸಾದ ಜಿಯೊವಾನಿ ತಾಣ ಸಾಕು.

ಫೈಲು ತೆರೆದ ಮೇಲೆ ಆಗುವ ತಪ್ಪುಗಳು ಮೂರು, ಮೂರೂ ಸದ್ದಿಲ್ಲದೆ ಆಗುತ್ತವೆ. ಈ ಡೇಟಾ ಬರುವ ಎಚ್‌ಡಿಎಫ್5 ಎಂಬ ಮಾದರಿಯ ಫೈಲಿನಲ್ಲಿ ಅಂಕಿಗಳ ಜೋಡಣೆ ಕಾಲ, ರೇಖಾಂಶ, ಅಕ್ಷಾಂಶ ಎಂಬ ಕ್ರಮದಲ್ಲಿದೆ. ನಕ್ಷೆ ಬಿಡಿಸುವ ಹೆಚ್ಚಿನ ಸಾಧನಗಳು ಅಕ್ಷಾಂಶವನ್ನು ಮೊದಲು ನಿರೀಕ್ಷಿಸುತ್ತವೆ, ಹಾಗಾಗಿ ಭೂಪಟ ಪಕ್ಕಕ್ಕೆ ಮಲಗಿದಂತೆ ಬರುತ್ತದೆ. ಅಡ್ಡ–ಉದ್ದ ಅದಲು ಬದಲು ಮಾಡಬೇಕು. ಅಕ್ಷಾಂಶ ದಕ್ಷಿಣದಿಂದ ಉತ್ತರಕ್ಕೆ ಏರುತ್ತದೆ ಎಂಬುದೂ ನೆನಪಿರಲಿ. ರೇಖಾಂಶಕ್ಕೆ 180 ಕೂಡಿ 0.1ರಿಂದ ಭಾಗಿಸಿ, ಅಕ್ಷಾಂಶಕ್ಕೆ 90 ಕೂಡಿ 0.1ರಿಂದ ಭಾಗಿಸಿ, ದಶಮಾಂಶ ಬಿಟ್ಟರೆ ಚೌಕದ ಸ್ಥಾನ ಸಿಗುತ್ತದೆ. ಪೂರ್ವ 25.37, ಉತ್ತರ 60.12 ಎಂಬ ಬಿಂದು, ಸೊನ್ನೆಯಿಂದ ಎಣಿಸಿದರೆ, 2053 ಮತ್ತು 1501ನೇ ಸ್ಥಾನದಲ್ಲಿರುತ್ತದೆ.

ಎರಡನೆಯದು ಏಕಮಾನ. ಅರ್ಧ ಗಂಟೆಯ ಫೈಲಿನಲ್ಲಿರುವುದು ಗಂಟೆಗೆ ಇಷ್ಟು ಮಿ.ಮೀ. ಎಂಬ ವೇಗ, ಬಿದ್ದ ಮಳೆಯಲ್ಲ. ಅಂಕಿ 12 ಎಂದಿದ್ದರೆ ಆ ಅರ್ಧ ಗಂಟೆಯಲ್ಲಿ ಬಿದ್ದದ್ದು 6 ಮಿ.ಮೀ. 48 ಫೈಲುಗಳನ್ನು ಹಾಗೆಯೇ ಕೂಡಿ "ದಿನದ ಮಳೆ" ಎಂದರೆ ಸರಿಯಾಗಿ ದುಪ್ಪಟ್ಟು ಬರುತ್ತದೆ. ಅರ್ಧ ಮಾಡಿ ಕೂಡಬೇಕು. ದುಪ್ಪಟ್ಟು ಮಳೆಯೂ ನಂಬುವಂತೆಯೇ ಕಾಣುವುದರಿಂದ ಇದು ಸಿಕ್ಕಿಬೀಳುವುದೇ ಇಲ್ಲ. ತಿಂಗಳ ಫೈಲಿನಲ್ಲಿಯೂ ಇರುವುದು ಗಂಟೆಯ ವೇಗವೇ, ಅದನ್ನು ಆ ತಿಂಗಳ ಗಂಟೆಗಳಿಂದ ಗುಣಿಸಬೇಕು: 30 ದಿನದ ತಿಂಗಳಾದರೆ 720, 31 ದಿನವಾದರೆ 744. ಮೂರನೆಯದು, ಡೇಟಾ ಇಲ್ಲದ ಚೌಕಗಳಲ್ಲಿ ಮೈನಸ್ 9999.9 ಎಂದು ತುಂಬಿರುತ್ತಾರೆ. ಅದನ್ನು ತೆಗೆದುಹಾಕದೆ ಸರಾಸರಿ ತೆಗೆದರೆ ಮಳೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ಇದು ಕನಿಷ್ಠ ಕಣ್ಣಿಗಾದರೂ ಬೀಳುತ್ತದೆ. ಫೈಲಿನ ಹೆಸರಿನ ಕೊನೆಯಲ್ಲಿರುವ ನಾಲ್ಕಂಕಿಯನ್ನು ಗಂಟೆ–ನಿಮಿಷ ಎಂದು ಓದುವವರೂ ಇದ್ದಾರೆ. ಅದು ದಿನದ ಆರಂಭದಿಂದ ಕಳೆದ ನಿಮಿಷ: 0090 ಎಂದರೆ ಒಂದೂವರೆ ಗಂಟೆ, ಕೊನೆಯ ಫೈಲು 1410. ಇನ್ನು ಆರನೇ ಆವೃತ್ತಿಗೆ ಬರೆದ ಕೋಡ್ ಏಳರಲ್ಲಿ ಓಡದು. ಆಗ ಮುಖ್ಯ ವೇರಿಯಬಲ್‌ನ ಹೆಸರು ಪ್ರೆಸಿಪಿಟೇಶನ್‌ಕ್ಯಾಲ್ ಎಂದಿತ್ತು. ಹೆಸರು ಬದಲಿಸಿ ಓಡಿಸಿದ ಮಾತ್ರಕ್ಕೆ ಎರಡು ಆವೃತ್ತಿಗಳ ಅಂಕಿಗಳನ್ನು ಒಂದೇ ಸಾಲಿಗೆ ಅಂಟಿಸಬಾರದು, ಲೆಕ್ಕ ಮಾಡುವ ವಿಧಾನವೇ ಬದಲಾಗಿದೆ.

ಒಂದೇ ಮಳೆಯನ್ನು ಮೂರು ಸಲ ಲೆಕ್ಕ ಹಾಕುತ್ತಾರೆ; ಅರ್ಲಿ, ಲೇಟ್, ಫೈನಲ್ ಎಂದು ಆ ಮೂರು ರನ್‌ಗಳ ಹೆಸರು. ಅರ್ಲಿ ಸುಮಾರು 4 ಗಂಟೆ ಕಳೆದ ಮೇಲೆ ಬರುತ್ತದೆ, ಅದರಲ್ಲಿ ಮಳೆಯನ್ನು ಮುಂದಕ್ಕೆ ಮಾತ್ರ ಸರಿಸಿರುತ್ತಾರೆ. ಲೇಟ್ ಸುಮಾರು 14 ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮುಂದಿನ ಉಪಗ್ರಹದ ನೋಟವೂ ಕೈಗೆ ಬಂದಿರುವುದರಿಂದ ಮುಂದಿನಿಂದಲೂ ಹಿಂದಿನಿಂದಲೂ ಸರಿಸಿ ಹೊಂದಿಸುತ್ತಾರೆ. ಫೈನಲ್‌ಗೆ ಮೂರೂವರೆ ತಿಂಗಳು ಕಾಯಬೇಕು. ಅದರಲ್ಲಿ, ಜಗತ್ತಿನ ಮಳೆಮಾಪಕಗಳ ಅಂಕಿ ಒಟ್ಟುಗೂಡಿಸುವ ಜಿಪಿಸಿಸಿ ಕೇಂದ್ರದ ತಿಂಗಳ ಲೆಕ್ಕ ಸೇರಿರುತ್ತದೆ. ನೆರೆಯ ಎಚ್ಚರಿಕೆಗೆ ಅರ್ಲಿ, ಬೆಳೆಯ ಲೆಕ್ಕಕ್ಕೆ ಲೇಟ್, ಅಧ್ಯಯನಕ್ಕೆ ಫೈನಲ್ ಎಂಬುದು ರೂಢಿ. ರೂಢಿ ಸರಿಯೇ. ಆದರೆ ಫೈನಲ್ ಎಂಬ ಹೆಸರು ಮಾಡುವ ಮೋಸ ಗೊತ್ತಿರಬೇಕು. ಮಾಪಕಗಳು ಸರಿಪಡಿಸುವುದು ತಿಂಗಳ ಮೊತ್ತವನ್ನು. ಆ ಗುಣಕವನ್ನು ತಿಂಗಳ ಪ್ರತಿ ಅರ್ಧ ಗಂಟೆಗೂ ಹಂಚುತ್ತಾರೆ, ಅದಕ್ಕೂ ಒಂದು ಮಿತಿ ಇದೆ. 3ನೇ ತಾರೀಖಿನ ಮಳೆಯನ್ನು ಉಪಗ್ರಹ ಪೂರ್ತಿ ತಪ್ಪಿಸಿ ಸೊನ್ನೆ ಬರೆದಿದ್ದರೆ, ಸೊನ್ನೆಯನ್ನು ಯಾವುದರಿಂದ ಗುಣಿಸಿದರೂ ಸೊನ್ನೆಯೇ. ತಪ್ಪಿದ ಆ ಮಳೆ 17ನೇ ತಾರೀಖಿನ ಲೆಕ್ಕಕ್ಕೆ ಹೋಗಿ ಕೂರುತ್ತದೆ. ತಿಂಗಳ ಮೊತ್ತ ಚೆನ್ನಾಗಿ ಹೊಂದುತ್ತದೆ, ಒಂದು ದಿನದ ಪ್ರವಾಹದ ಲೆಕ್ಕ ಮಾತ್ರ ಹೊಂದುವುದಿಲ್ಲ. ಸಮುದ್ರದ ಮೇಲೆ ಮಾಪಕಗಳೇ ಇಲ್ಲದ ಕಾರಣ ಅಲ್ಲಿ ಫೈನಲ್‌ಗಾಗಿ ಕಾಯುವುದರಿಂದ ದೊಡ್ಡ ಲಾಭವಿಲ್ಲ.

ಐಮರ್ಗ್ ಎಲ್ಲಿ ಎಡವುತ್ತದೆ ಎಂಬುದಕ್ಕೆ ಭೌತಶಾಸ್ತ್ರದಲ್ಲೇ ಉತ್ತರವಿದೆ. ಕಡಿಮೆ ಆವರ್ತನದ ಮೈಕ್ರೋವೇವ್‌ಗೆ ಸಮುದ್ರ ತಣ್ಣಗೆ, ಮಳೆಹನಿ ಬೆಚ್ಚಗೆ ಕಾಣುತ್ತದೆ. ಕಪ್ಪು ಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಂತೆ. ನೆಲ ತಾನೇ ಬೆಚ್ಚಗೆ ಹೊಳೆಯುವುದರಿಂದ ಅಲ್ಲಿ ಹನಿ ಎದ್ದು ಕಾಣದು. ಆಗ ಉಳಿಯುವ ದಾರಿ ಒಂದೇ: ಮೋಡದ ಮೇಲ್ಭಾಗದ ಮಂಜುಗಡ್ಡೆ ಹರಳುಗಳು 89 ಗಿಗಾಹರ್ಟ್ಜ್ ಮತ್ತು ಅದಕ್ಕಿಂತ ಮೇಲಿನ ಅಲೆಗಳನ್ನು ಚದುರಿಸುವುದನ್ನು ನೋಡಿ, ಕೆಳಗೆ ಇಷ್ಟು ಮಳೆ ಇರಬೇಕು ಎಂದು ಹೇಳುವುದು. ಗಾಳಿ ಬೆಟ್ಟಕ್ಕೆ ಒತ್ತಿ ಮೇಲೇರಿ ಸುರಿಸುವ ಮಳೆಯಲ್ಲಿ ಮೋಡ ಎತ್ತರಕ್ಕೆ ಬೆಳೆಯದೆ, ಹರಳೇ ಇಲ್ಲದೆ ದಿನಗಟ್ಟಲೆ ಹೊಯ್ಯಬಹುದು. ಅಲ್ಲಿ ಉಪಗ್ರಹದ ಅಂಕಿ ಮಾಪಕಕ್ಕಿಂತ ಬಹಳ ಕಡಿಮೆ ಬರುತ್ತದೆ. ಒಣ ಪ್ರದೇಶದಲ್ಲಿ ಇದರ ತಿರುವುಮುರುವು: ಮೋಡದಲ್ಲಿ ಮಳೆ ಇದೆ, ಬೀಳುವ ಹಾದಿಯಲ್ಲೇ ಆರಿಹೋಗುತ್ತದೆ, ನೆಲ ಒಣಗಿಯೇ ಇರುತ್ತದೆ, ಫೈಲಿನಲ್ಲಿ ಮಾತ್ರ ಮಳೆ ಬಿದ್ದಿದೆ. ಕರಾವಳಿಯ ಅಂಚು ಮತ್ತು ದೊಡ್ಡ ಕೆರೆಗಳು ಮೂರನೇ ಕಾಟ. ಒಂದೇ ಚುಕ್ಕೆಯಲ್ಲಿ ನೀರೂ ನೆಲವೂ ಬೆರೆತಾಗ ಲೆಕ್ಕ ಹಾದಿ ತಪ್ಪುತ್ತದೆ. ವರ್ಷವಿಡೀ ಒಂದೇ ಚೌಕದಲ್ಲಿ, ಸುತ್ತಲಿಗಿಂತ ಬೇರೆಯಾದ ಮಳೆ ಕಂಡರೆ ಮೊದಲು ಅಲ್ಲಿ ಕೆರೆ ಇದೆಯೇ ನೋಡಿ. ಚೌಕದ ಅಳತೆಯನ್ನೂ ಅಕ್ಷರಶಃ ನಂಬುವಂತಿಲ್ಲ: 0.1 ಡಿಗ್ರಿ ಎಂದರೆ ಸಮಭಾಜಕದಲ್ಲಿ ಸುಮಾರು 11 ಕಿ.ಮೀ., ಆದರೆ ಜಿಎಂಐನ 10 ಗಿಗಾಹರ್ಟ್ಜ್ ಚಾನೆಲ್‌ನ ಒಂದು ಚುಕ್ಕೆಯೇ ಸುಮಾರು 32 ಕಿ.ಮೀ. ಉದ್ದ, 19 ಕಿ.ಮೀ. ಅಗಲ. ಗ್ರಿಡ್ ನಯವಾಗಿದೆ, ಅದನ್ನು ತುಂಬುವ ಕಣ್ಣು ಅಷ್ಟು ನಯವಲ್ಲ.

ಹಿಮದ ಮಟ್ಟಿಗೆ ಹೇಳುವುದಾದರೆ, ಐಮರ್ಗ್‌ನ ದುರ್ಬಲ ಭಾಗ ಇದೇ. ಮೊದಲನೆಯದಾಗಿ, ಬಿದ್ದದ್ದು ಮಳೆಯೋ ಹಿಮವೋ ಎಂದು ಈ ಡೇಟಾದಲ್ಲಿ ತೀರ್ಮಾನಿಸುವುದು ಉಪಗ್ರಹ ಅಲ್ಲ. ದ್ರವರೂಪದ ಸಂಭಾವ್ಯತೆ ಎಂಬ ವೇರಿಯಬಲ್ 0ರಿಂದ 100ರವರೆಗಿನ ಅಂಕಿ ಕೊಡುತ್ತದೆ. ಅದನ್ನು ಹವಾಮಾನ ಮಾದರಿಯ ಉಷ್ಣತೆ, ತೇವಾಂಶ, ಒತ್ತಡದಿಂದ ಲೆಕ್ಕ ಹಾಕಿರುತ್ತಾರೆ. ಸಾಮಾನ್ಯವಾಗಿ 50ಕ್ಕಿಂತ ಕೆಳಗಿದ್ದರೆ ಹಿಮ ಎಂದು ತೆಗೆದುಕೊಳ್ಳುತ್ತಾರೆ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಕಣಿವೆ–ಶಿಖರ ಎರಡೂ ಒಂದೇ ಚೌಕದೊಳಗೆ ಬಂದಾಗ, ಇದು ನಾಣ್ಯ ಚಿಮ್ಮಿದಷ್ಟೇ. ಎರಡನೆಯದು, ಫೈಲಿನಲ್ಲಿರುವ ಮಿ.ಮೀ. ನೀರಿನ ಲೆಕ್ಕ, ಹಿಮದ ದಪ್ಪವಲ್ಲ. 10 ಮಿ.ಮೀ. ನೀರು ಎಂದರೆ ಒದ್ದೆ ಹಿಮವಾದರೆ 5 ಸೆಂ.ಮೀ., ಹಗುರವಾದ ಒಣ ಹಿಮವಾದರೆ 20 ಸೆಂ.ಮೀ.ವರೆಗೂ ರಾಶಿಯಾಗಬಹುದು. "ಹತ್ತರಿಂದ ಗುಣಿಸು" ಎಂಬ ಸೂತ್ರ ಸರಾಸರಿಗೆ ಸರಿ, ಒಂದು ಬಿರುಗಾಳಿಗೆ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಕಠಿಣ. ಬೀಳುತ್ತಿರುವ ಹಿಮವೂ ನೆಲದ ಮೇಲೆ ಬಿದ್ದಿರುವ ಹಿಮವೂ ಮೈಕ್ರೋವೇವ್ ಅಲೆಗಳನ್ನು ಚದುರಿಸುತ್ತವೆ. ಬಿಳಿ ಗೋಡೆಯ ಮುಂದೆ ಬಿಳಿ ಹತ್ತಿ ಹಾರಿದರೆ ಕಾಣುವುದು ಹೇಗೆ? ಆರನೇ ಆವೃತ್ತಿಯವರು ಹಿಮ ಮುಚ್ಚಿದ ನೆಲದ ಮೇಲಿನ ಮೈಕ್ರೋವೇವ್ ಅಂದಾಜನ್ನು ಕೈಬಿಟ್ಟೇ ಬಿಟ್ಟಿದ್ದರು. ಏಳರಲ್ಲಿ ಅದನ್ನು ಮತ್ತೆ ಸೇರಿಸಿ ಧ್ರುವಗಳವರೆಗೆ ತುಂಬಿದ್ದಾರೆ. ನಕ್ಷೆ ತುಂಬಿತು, ಕಷ್ಟ ಅಲ್ಲಿಯೇ ಇದೆ. 60 ಡಿಗ್ರಿ ದಾಟಿದರೆ ಇನ್‌ಫ್ರಾರೆಡ್‌ನ ಆಸರೆಯೂ ತಪ್ಪುತ್ತದೆ.

ರಾಡಾರ್ ಇದೆಯಲ್ಲ ಎನ್ನಬಹುದು. ರಾಡಾರ್‌ಗೆ ನೆಲದಿಂದ ಬರುವ ಮಾರ್ದನಿ ಎಷ್ಟು ಜೋರೆಂದರೆ ಅದರ ಹತ್ತಿರದ ಪದರ ಏನೂ ಕಾಣದು: ಪಟ್ಟಿಯ ನಡುವೆ ಸುಮಾರು 1 ಕಿ.ಮೀ., ಅಂಚಿನಲ್ಲಿ ಸುಮಾರು 2 ಕಿ.ಮೀ. ಹಿಮ ಬೀಳುವ ಮೋಡಗಳು ಹಲವು ಬಾರಿ ಇರುವುದೇ ಆ ಎತ್ತರದಲ್ಲಿ. ಒಂದೂವರೆ ಕಿ.ಮೀ. ಮೇಲೆ ಕಂಡ ಹಿಮವನ್ನೇ ತೆಗೆದುಕೊಳ್ಳಿ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಇಳಿಯುವ ಹಿಮಚಕ್ಕೆ ನೆಲ ಮುಟ್ಟಲು 1,500 ಸೆಕೆಂಡ್, ಅಂದರೆ 25 ನಿಮಿಷ. ಗಾಳಿ ಸೆಕೆಂಡಿಗೆ 10 ಮೀಟರ್ ಬೀಸುತ್ತಿದ್ದರೆ ಅಷ್ಟರಲ್ಲಿ ಅದು 15 ಕಿ.ಮೀ. ಆಚೆಗೆ ಹೋಗಿರುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಚೌಕದ ಪೂರ್ವ–ಪಶ್ಚಿಮ ಅಗಲ ಐದೂವರೆ ಕಿ.ಮೀ. ಮಾತ್ರ. ಕಂಡದ್ದು ಒಂದು ಚೌಕದಲ್ಲಿ, ಬಿದ್ದದ್ದು ಮೂರನೇ ಚೌಕದಲ್ಲಿ, ಅದೂ ಮುಂದಿನ ಅರ್ಧ ಗಂಟೆಯ ಫೈಲಿನಲ್ಲಿ. ಸೂಕ್ಷ್ಮತೆಯ ಕೊರತೆಯೂ ಇದೆ. ಜಿಪಿಎಂ ರಾಡಾರ್ 12ರಿಂದ 18 ಡಿಬಿಜೆಡ್‌ಗಿಂತ (ಮಾರ್ದನಿಯ ಬಲ ಅಳೆಯುವ ಏಕಮಾನ) ಸಣ್ಣ ಮಾರ್ದನಿಯನ್ನು ಹಿಡಿಯದು; 2006ರಲ್ಲಿ ಹಾರಿದ ಕ್ಲೌಡ್‌ಸ್ಯಾಟ್‌ನ 94 ಗಿಗಾಹರ್ಟ್ಜ್ ರಾಡಾರ್ ಮೈನಸ್ 30ರ ಆಸುಪಾಸಿನವರೆಗೂ ಹಿಡಿಯುತ್ತಿತ್ತು. ಹಗುರ ಹಿಮಪಾತದ ಬಹುಪಾಲು ಈ ಎರಡರ ನಡುವೆಯೇ ಬರುತ್ತದೆ. 2024ರ ಮೇನಲ್ಲಿ ಯುರೋಪ್ ಮತ್ತು ಜಪಾನ್ ಸೇರಿ ಹಾರಿಸಿದ ಅರ್ಥ್‌ಕೇರ್‌ನ 94 ಗಿಗಾಹರ್ಟ್ಜ್ ರಾಡಾರ್ ಇಳಿಯುವ ವೇಗವನ್ನೂ ಅಳೆಯುತ್ತದೆ. ಆದರೆ ಅದು ನೋಡುವುದು ತನ್ನ ಹಾದಿಯ ಕೆಳಗಿನ ಒಂದು ಗೆರೆಯಷ್ಟನ್ನು. ಅರ್ಧ ಗಂಟೆಯ ನಕ್ಷೆ ತುಂಬಲು ಅದು ಒದಗದು. ಲೆಕ್ಕದ ಸೂತ್ರ ತಿದ್ದಲು ಒದಗುತ್ತದೆ.

ಬೇರೆ ಮಳೆ ಡೇಟಾಗಳ ಜೊತೆ ಇಟ್ಟು ನೋಡಿದರೆ: ಜಾಕ್ಸಾದ ಜಿಎಸ್‌ಮ್ಯಾಪ್ ಕೂಡ 0.1 ಡಿಗ್ರಿಯದೇ, ಗಂಟೆಗೊಮ್ಮೆ. ತಕ್ಷಣದ ಬಳಕೆಗೆ ಐಮರ್ಗ್ ಅರ್ಲಿಗೆ ಸರಿಸಾಟಿ, ಎರಡನ್ನೂ ಇಟ್ಟುಕೊಂಡರೆ ಒಳ್ಳೆಯದು. ಬರಗಾಲದ ಲೆಕ್ಕಕ್ಕೆ, 1981ರಿಂದ ಉದ್ದದ ಸಾಲು ಬೇಕೆನ್ನುವವರಿಗೆ ಚಿರ್ಪ್ಸ್ ಎಂಬ ಡೇಟಾ ವಾಸಿ. 0.05 ಡಿಗ್ರಿ, ನೆಲದ ಮೇಲೆ ಮಾತ್ರ, ಅದರ ಎರಡನೇ ಆವೃತ್ತಿಯಲ್ಲಿ ಎರಡೂ ಗೋಳಾರ್ಧದಲ್ಲಿ 50 ಡಿಗ್ರಿವರೆಗೆ. ಗಂಟೆಯ ಮಳೆ ಅಲ್ಲಿ ಕೇಳಬೇಡಿ. ಸಮುದ್ರದ ಮಳೆಗೆ, ಚಂಡಮಾರುತಕ್ಕೆ, ದೇಶದ ಗಡಿ ದಾಟಿ ಹರಿಯುವ ದೊಡ್ಡ ನದಿಗಳಿಗೆ ಐಮರ್ಗ್‌ನ್ನೇ ಆರಿಸಬೇಕು. ಒಂದು ಪಟ್ಟಣದ ಚರಂಡಿಯ ಅಳತೆ ನಿರ್ಧರಿಸಲು ಇದನ್ನು ಬಳಸುವುದು ತಪ್ಪು.

ನೆಲದ ಮಾಪಕದ ಜೊತೆ ಹೋಲಿಸಿಯೇ ನಂಬುತ್ತೇವೆ ಎನ್ನುವವರು ಹೋಲಿಕೆಯನ್ನು ಸರಿಯಾಗಿ ಮಾಡಬೇಕು. ಮಾಪಕದ ಬಾಯಿ 20 ಸೆಂ.ಮೀ. ಅಗಲ ಎಂದಿಟ್ಟುಕೊಳ್ಳಿ, ವಿಸ್ತೀರ್ಣ 314 ಚದರ ಸೆಂ.ಮೀ. ಅಂಥ ಒಂದು ಲಕ್ಷ ಮಾಪಕಗಳನ್ನು ಒತ್ತಾಗಿ ಜೋಡಿಸಿದರೂ ಅರ್ಧ ಫುಟ್‌ಬಾಲ್ ಮೈದಾನ ತುಂಬದು. ಐಮರ್ಗ್‌ನ ಒಂದೇ ಚೌಕ ಸಮಭಾಜಕದಲ್ಲಿ ಸುಮಾರು 123 ಚದರ ಕಿ.ಮೀ.; ಅದರಲ್ಲಿ 1 ಮಿ.ಮೀ. ಎಂದರೆ 12.3 ಕೋಟಿ ಲೀಟರ್ ನೀರು. ಹಾಗಾಗಿ ಒಂದು ಮಾಪಕಕ್ಕೆ ಒಂದು ಚೌಕವನ್ನು, ಅದೂ ಅರ್ಧ ಗಂಟೆಯ ಮಟ್ಟದಲ್ಲಿ, ಎದುರಿಟ್ಟರೆ ಯಾರು ತಪ್ಪು ಎಂದು ಹೇಳಲಾಗದು. ಅದೇ ಚೌಕದಲ್ಲಿ ಮೂರು ನಾಲ್ಕು ಮಾಪಕಗಳಿದ್ದರೆ ಅವುಗಳ ಸರಾಸರಿ ತೆಗೆಯಿರಿ, ದಿನದ ಮೊತ್ತಕ್ಕೆ ಹೋಲಿಸಿ. ಐಮರ್ಗ್‌ನ ದಿನ ಶುರುವಾಗುವುದು ಯುಟಿಸಿ (ಜಾಗತಿಕ ಪ್ರಮಾಣ ಕಾಲ) ಮಧ್ಯರಾತ್ರಿಗೆ; ಮಾಪಕ ಓದುವುದು ಸ್ಥಳೀಯ ಬೆಳಗಿನಲ್ಲಿ. ತಯಾರಾದ ದಿನದ ಫೈಲನ್ನು ಬಿಟ್ಟು, ಮಾಪಕ ಓದುವ ಹೊತ್ತನ್ನು ಯುಟಿಸಿಗೆ ತಿರುಗಿಸಿ, ಆ ಹೊತ್ತಿಗೆ ಮುಗಿಯುವ 48 ಅರ್ಧ ಗಂಟೆಗಳನ್ನು ನೀವೇ ಕೂಡಿ, ಅರ್ಧ ಮಾಡಿ. ಹೋಲಿಸುವುದಾದರೆ ಲೇಟ್ ರನ್ ಜೊತೆ ಹೋಲಿಸಿ. ಫೈನಲ್‌ನಲ್ಲಿ ನಿಮ್ಮ ಮಾಪಕದ ಅಂಕಿಯೇ ಜಿಪಿಸಿಸಿ ಮೂಲಕ ಸೇರಿಕೊಂಡಿದ್ದರೆ ಆ ಹೋಲಿಕೆಗೆ ಅರ್ಥವಿಲ್ಲ. ಚಳಿಗಾಲವಾದರೆ ಮಾಪಕದ್ದೇ ಕೊನೆಯ ಮಾತು ಎನ್ನಲಾಗದು. ಗಾಳಿಯಲ್ಲಿ ಹಿಮಚಕ್ಕೆಗಳು ಅದರ ಬಾಯಿಯ ಮೇಲೆ ಹಾರಿಹೋಗುತ್ತವೆ, ಸುತ್ತ ಗಾಳಿತಡೆ ಇಲ್ಲದ ಮಾಪಕ ಬಿದ್ದದ್ದರಲ್ಲಿ ಅರ್ಧವನ್ನೂ ಹಿಡಿಯದಿರಬಹುದು. ಅಂಥ ಕಡೆ ಮಾಪಕದಲ್ಲಿ ಗಾಳಿತಡೆ ಇದೆಯೇ, ಆ ದಿನ ಗಾಳಿಯ ವೇಗ ಎಷ್ಟಿತ್ತು ಎಂಬ ಎರಡು ಸಂಗತಿಗಳನ್ನು ಪಕ್ಕದಲ್ಲಿ ಬರೆದುಕೊಂಡ ಮೇಲೆಯೇ ಉಪಗ್ರಹದ ತಪ್ಪು ಎಷ್ಟು ಎಂದು ಎಣಿಸಲು ಕೂರಬೇಕು.